ನೆರವಿನ ಸಭೆಯಲ್ಲಿ ನಿರಾಶ್ರಿತರ ಕುರ್ಚಿ ಎಲ್ಲಿದೆ?

ಅಂತಾರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಒಂದೆಡೆ ಸೇರಿ ಕೆಲಸ ಮಾಡುವಲ್ಲೆಲ್ಲ ಒಂದು ಪಟ್ಟಿ ತಯಾರಾಗುತ್ತದೆ. ಯಾರು, ಏನನ್ನು, ಎಲ್ಲಿ, ಯಾವಾಗ ಮಾಡುತ್ತಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರತಿ ಸಂಸ್ಥೆಯೂ ಅದರಲ್ಲಿ ಉತ್ತರ ತುಂಬಬೇಕು. ಯಾವ ಶಿಬಿರದಲ್ಲಿ ಯಾರು ಎಷ್ಟು ಶೌಚಾಲಯ ಕಟ್ಟಿದರು, ಎಷ್ಟು ಕೊಳವೆಬಾವಿ ಕೊರೆದರು, ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದರು ಎಂಬುದೆಲ್ಲ ಅಲ್ಲಿ ಅಂಕಿಗಳಾಗಿ ಕೂತಿರುತ್ತದೆ. ಒಂದು ಗುಡ್ಡದ ಮೇಲೆ ಮೂರು ಸಂಸ್ಥೆಗಳು ಬಾವಿ ಕೊರೆದು, ಪಕ್ಕದ ಗುಡ್ಡ ಬಾಯಾರಿ ಉಳಿಯಬಾರದು ಎಂಬುದು ಈ ಪಟ್ಟಿಯ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಈ ನಾಲ್ಕರ ಜೊತೆ ಐದನೆಯ ಪ್ರಶ್ನೆಯೊಂದು ಇರಬೇಕಿತ್ತು: ಯಾರನ್ನು ಕೇಳಿ? ನೆರವು ಪಡೆಯುವವರನ್ನು ಕೇಳಿ ಮಾಡಿದಿರೋ, ಕೇಳದೆ ಮಾಡಿದಿರೋ?

ಈ ಪ್ರಶ್ನೆ ಬಿಟ್ಟುಹೋದದ್ದು ಸಣ್ಣ ಮರೆವೆಂದು ನಮಗನಿಸುವುದಿಲ್ಲ. ದಾನಿ ರಾಷ್ಟ್ರಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಧರ್ಮಾರ್ಥ ಸಂಸ್ಥೆಗಳು ಮತ್ತು ಆಶ್ರಯ ಕೊಟ್ಟ ಸರಕಾರ ಪರಸ್ಪರ ಹೊಂದಿಕೊಂಡು ನಡೆಯುವುದನ್ನೇ ನಾವು 'ಸಮನ್ವಯ' ಎಂದು ಕರೆಯುತ್ತಾ ಬಂದಿದ್ದೇವೆ. ಕೊಡುವವರು ಒಬ್ಬರೊಂದಿಗೊಬ್ಬರು ಹೊಂದಿಕೊಂಡರೆ ಪಡೆಯುವವರಿಗೆ ನ್ಯಾಯ ಸಿಕ್ಕಂತಾಯಿತೇ? ಇದನ್ನು ಪರಿಶೀಲಿಸಲು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗಿಂತ ಸೂಕ್ತವಾದ ಜಾಗ ಇನ್ನೊಂದಿಲ್ಲ. ಬರ್ಮಾದ ಅರಾಕಾನ್ ಪ್ರಾಂತದಿಂದ ರೋಹಿಂಗ್ಯಾ ಮುಸ್ಲಿಮರು 1978ರಲ್ಲಿ, 1991-92ರಲ್ಲಿ ಮತ್ತು 2017ರಲ್ಲಿ ಇದೇ ಜಿಲ್ಲೆಗೆ ಓಡಿ ಬಂದರು. ಮೂರು ಸಲವೂ ಜಗತ್ತು ನೆರವಿಗೆ ಬಂತು. ಮೂರು ಸಲವೂ ಸಭೆಗಳು ನಡೆದವು.

ಮೊದಲ ಸಲದ ಕತೆಯನ್ನು ನಾವು ಬಹುತೇಕ ಮರೆತಿದ್ದೇವೆ. 1978ರಲ್ಲಿ ಸುಮಾರು 2 ಲಕ್ಷ ರೋಹಿಂಗ್ಯಾಗಳು ಗಡಿ ದಾಟಿದರು. ಡೇರೆ ಬಂತು, ಧಾನ್ಯ ಬಂತು, ವೈದ್ಯರು ಬಂದರು. ಆದರೆ ಶಿಬಿರಗಳಲ್ಲಿ ಬದುಕು ಹಸನಾದರೆ ಇವರು ಹಿಂದಿರುಗುವುದಿಲ್ಲ ಎಂಬ ಭಯ ಅಂದಿನ ಬಾಂಗ್ಲಾ ಸರಕಾರಕ್ಕಿತ್ತು. ಪಡಿತರವನ್ನು ಬಿಗಿಹಿಡಿಯಲಾಯಿತು. ಕೆಲವೇ ತಿಂಗಳಲ್ಲಿ ಸುಮಾರು 10 ಸಾವಿರ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಇದನ್ನು ದಾಖಲಿಸಿದ್ದು ಯಾವುದೋ ವಿರೋಧಿ ಬಣವಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಪರವಾಗಿ ಕಾಕ್ಸ್ ಬಜಾರ್ ಉಪಕಚೇರಿಯನ್ನು ನಡೆಸಿದ್ದ ಅಲನ್ ಲಿಂಡ್‌ಕ್ವಿಸ್ಟ್ 1979ರಲ್ಲಿ ಬರೆದ ವರದಿ. ಆಹಾರವೇ ಇಲ್ಲದೆ ಆದ ಸಾವುಗಳಲ್ಲ ಅವು. ಸಂಸ್ಥೆಗಳಿಗೆ ವಿಷಯ ತಿಳಿದಿತ್ತು, ಸಭೆಗಳಲ್ಲಿ ಅದು ಬಂದೂ ಇತ್ತು. ಆದರೆ ಆತಿಥೇಯ ಸರಕಾರದ ಮನಸ್ಸು ಕೆಡಿಸಿಕೊಳ್ಳಲು ಯಾರೂ ಮುಂದಾಗಲಿಲ್ಲ. ಹಸಿದವರು ಬಂದ ದಾರಿಯಲ್ಲೇ ಹಿಂದಿರುಗಿದರು. ಅದಕ್ಕೆ 'ವಾಪಸಾತಿ' ಎಂಬ ಹೆಸರು ಬಿತ್ತು. ಸಮನ್ವಯದ ಕೊರತೆಯಿಂದ ಆದ ದುರಂತ ಇದೆಂದು ಹೇಳಲಾಗದು. ಸರಕಾರ ಮತ್ತು ಸಂಸ್ಥೆಗಳ ನಡುವೆ ಹೊಂದಾಣಿಕೆ ಚೆನ್ನಾಗಿಯೇ ಇತ್ತು. ಆ ಹೊಂದಾಣಿಕೆಯ ಬೆಲೆಯನ್ನು ಮಕ್ಕಳು ತೆತ್ತರು.

ಇಂದಿನ ಸಮನ್ವಯ ವ್ಯವಸ್ಥೆ ರೂಪುಗೊಂಡದ್ದು ಇನ್ನೊಂದು ದುರಂತದಿಂದ. 1994ರ ಜುಲೈಯಲ್ಲಿ ರುವಾಂಡಾದ ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಆಗಿನ ಝೈರೆ ದೇಶದ ಗೋಮಾ ಪಟ್ಟಣಕ್ಕೆ ಬಂದು ಸೇರಿದರು. ಲಾವಾ ಬಂಡೆಯ ನೆಲ, ಕುಡಿಯುವ ನೀರಿಲ್ಲ. ಕಾಲರಾ ಮತ್ತು ಆಮಶಂಕೆಗೆ ಮೊದಲ ತಿಂಗಳಲ್ಲೇ ಸುಮಾರು 50 ಸಾವಿರ ಮಂದಿ ಬಲಿಯಾದರು. ಸಂಸ್ಥೆಗಳು ಗುಂಪುಗುಂಪಾಗಿ ಬಂದಿಳಿದವು. ಅನುಭವವುಳ್ಳವರೂ ಬಂದರು, ಬಾವುಟ ಹಿಡಿದು ಫೋಟೋಗೆ ನಿಲ್ಲುವವರೂ ಬಂದರು. ಪಡಿತರ ಹಂಚುವ ಅಧಿಕಾರ ನಿರಾಶ್ರಿತರ ಹಳೆಯ ನಾಯಕರ ಕೈಗೆ ಹೋಯಿತು. ಅವರಲ್ಲಿ ಅನೇಕರು ನರಮೇಧ ನಡೆಸಿದವರೇ ಆಗಿದ್ದರು. ನೆರವು ಕೊಲೆಗಾರರನ್ನು ಸಾಕುತ್ತಿದೆ ಎಂದು ಹೇಳಿ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯ ಫ್ರೆಂಚ್ ಶಾಖೆ ಅದೇ ವರ್ಷ ಶಿಬಿರ ಬಿಟ್ಟು ಹೊರಬಂತು.

ಗೋಮಾದ ಅವಮಾನದಿಂದ ಸಂಸ್ಥೆಗಳು ಪಾಠ ಕಲಿತವು. ರೆಡ್‌ಕ್ರಾಸ್ ಬಳಗ ಮತ್ತು ಸ್ವಯಂಸೇವಾ ಸಂಸ್ಥೆಗಳು ಸೇರಿ 1997ರಲ್ಲಿ 'ಸ್ಫಿಯರ್' ಯೋಜನೆಯನ್ನು ಆರಂಭಿಸಿ, ಕನಿಷ್ಠ ಮಾನದಂಡಗಳ ಕೈಪಿಡಿಯೊಂದನ್ನು ರಚಿಸಿದವು. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಮಂದಿಗೆ ಒಂದು ಶೌಚಾಲಯ, ದಿನಕ್ಕೆ 2100 ಕ್ಯಾಲೊರಿ ಆಹಾರ, ತಲೆಯ ಮೇಲೆ 3.5 ಚದರ ಮೀಟರ್ ಸೂರು. 2005ರಲ್ಲಿ ವಿಶ್ವಸಂಸ್ಥೆಯೂ ತನ್ನ ಮನೆಯನ್ನು ಸರಿಪಡಿಸಿಕೊಂಡು, ನೀರು, ಆರೋಗ್ಯ, ವಸತಿ ಎಂದು ವಲಯಗಳನ್ನು ಮಾಡಿ ಪ್ರತಿ ವಲಯಕ್ಕೂ ಹೊಣೆಗಾರ ಸಂಸ್ಥೆಯನ್ನು ಗೊತ್ತುಪಡಿಸುವ ಪದ್ಧತಿ ತಂದಿತು. ನೆರವು ಭಿಕ್ಷೆಯಾಗಿ ಉಳಿಯದೆ ಅಳೆದು ನೋಡಬಹುದಾದ ಹೊಣೆಯಾದದ್ದು ದೊಡ್ಡ ಮಾತೇ. ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ.

ಈ ಸಿದ್ಧತೆಯ ಫಲ 2017ರಲ್ಲಿ ಕಾಣಿಸಿತು. ಆ ವರ್ಷದ ಆಗಸ್ಟ್ 25ರ ನಂತರ ಮ್ಯಾನ್ಮಾರ್ ಸೇನೆಯ ದಾಳಿಗೆ ಬೆದರಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ನಾಫ್ ನದಿ ದಾಟಿ ಉಖಿಯಾ, ಟೆಕ್ನಾಫ್ ಉಪಜಿಲ್ಲೆಗಳಿಗೆ ಬಂದರು. ಅವರಿಗೆ ಮೊದಲು ಅನ್ನ ಕೊಟ್ಟವರು, ಅಂಗಳ ಬಿಟ್ಟುಕೊಟ್ಟವರು ಅಲ್ಲಿನ ಬಡ ಗ್ರಾಮಸ್ಥರು. ಮೊದಲ ವಾರಗಳಲ್ಲಿ ದೇಶದ ಎಲ್ಲೆಡೆಯಿಂದ ಲಾರಿಗಳು ಬಂದವು. ರಸ್ತೆ ಬದಿಯಲ್ಲಿ ಬಟ್ಟೆ, ಆಹಾರದ ಪೊಟ್ಟಣ ಎಸೆಯಲಾಯಿತು. ಸೆಪ್ಟೆಂಬರ್ ಮಧ್ಯದಲ್ಲಿ ಬಟ್ಟೆ ಹಂಚುವಾಗಿನ ನೂಕುನುಗ್ಗಲಿನಲ್ಲಿ ಒಬ್ಬ ಮಹಿಳೆ ಮತ್ತು ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಮಮತೆಯೊಂದೇ ಸಾಲದು, ವ್ಯವಸ್ಥೆಯೂ ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆಮೇಲೆ ಸೇನೆಯನ್ನು ಹಂಚಿಕೆಗೆ ನಿಯೋಜಿಸಲಾಯಿತು, ಸಂಸ್ಥೆಗಳ ನಡುವೆ ಕೆಲಸ ಹಂಚಿಕೆಯಾಯಿತು. ಅಕ್ಟೋಬರ್‌ನಲ್ಲಿ 9 ಲಕ್ಷ ಡೋಸ್ ಕಾಲರಾ ಲಸಿಕೆ ತರಿಸಿ ದೊಡ್ಡ ಅಭಿಯಾನ ನಡೆಸಲಾಯಿತು. ಗಂಟಲಮಾರಿ ಹಬ್ಬಿತಾದರೂ ಗೋಮಾದಂತಹ ಕಾಲರಾ ಮಾರಿ ಇಲ್ಲಿ ಬರಲಿಲ್ಲ. ಈ ಯಶಸ್ಸನ್ನು ಒಪ್ಪಿಕೊಳ್ಳದ ವಿಮರ್ಶೆ ಪ್ರಾಮಾಣಿಕವಾಗಲಾರದು.

ಹಾಗಾದರೆ ತಕರಾರು ಯಾವುದರ ಬಗ್ಗೆ? ಮೊದಲನೆಯದು ನಾಯಕತ್ವದ ಗೊಂದಲ. ನಿರಾಶ್ರಿತರ ವಿಷಯದಲ್ಲಿ ಮುಂದಾಳುತನ ವಹಿಸಬೇಕಾದದ್ದು ಹೈಕಮಿಷನರ್ ಕಚೇರಿ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ಬಾಂಗ್ಲಾದೇಶ ಹೊಸಬರನ್ನು 'ನಿರಾಶ್ರಿತರು' ಎಂದು ಕರೆಯಲು ಒಪ್ಪಲಿಲ್ಲ. 'ಬಲವಂತವಾಗಿ ಸ್ಥಳಾಂತರಗೊಂಡ ಮ್ಯಾನ್ಮಾರ್ ಪ್ರಜೆಗಳು' ಎಂದು ಹೆಸರಿಟ್ಟಿತು. ಹೀಗಾಗಿ ಅಂತಾರಾಷ್ಟ್ರೀಯ ವಲಸೆ ಸಂಸ್ಥೆಗೆ ಸಮನ್ವಯದಲ್ಲಿ ಮುಖ್ಯ ಪಾತ್ರ ಸಿಕ್ಕಿತು. ಕೊನೆಗೆ ಎರಡೂ ಸಂಸ್ಥೆಗಳು ಶಿಬಿರಗಳನ್ನು ಹಂಚಿಕೊಂಡವು, ಮೇಲೊಂದು ಸಮಿತಿ ರಚನೆಯಾಯಿತು. ಶಿಬಿರದ ಒಂದು ಭಾಗಕ್ಕೆ ಒಂದು ಸಂಸ್ಥೆ, ಇನ್ನೊಂದು ಭಾಗಕ್ಕೆ ಇನ್ನೊಂದು. ಈ ಗಡಿಗಳು ಸಂಸ್ಥೆಗಳಿಗೆ ಗೊತ್ತಿದ್ದವು. ಮಗುವನ್ನು ಎತ್ತಿಕೊಂಡು ಇಳಿಜಾರಿನಲ್ಲಿ ನಿಂತ ತಾಯಿಗೆ ಅವು ಹೇಗೆ ಗೊತ್ತಾಗಬೇಕು?

ಎರಡನೆಯದು ಅಂಕಿಗಳ ಮೋಹ. ಆರಂಭದ ತಿಂಗಳುಗಳಲ್ಲಿ ಸಾವಿರಾರು ಶೌಚಾಲಯಗಳು ಎದ್ದವು. ಪಟ್ಟಿಯಲ್ಲಿ ಸಂಖ್ಯೆ ಏರುತ್ತಾ ಹೋಯಿತು. ಆದರೆ ಅನೇಕ ಗುಂಡಿಗಳು ಆಳವಿಲ್ಲದೆ ಬೇಗ ತುಂಬಿದವು. ಅನೇಕವು ಕೊಳವೆಬಾವಿಗಳಿಗೆ ತೀರ ಹತ್ತಿರವಿದ್ದವು. ಅವನ್ನು ಮುಚ್ಚಿ ಮತ್ತೆ ಕಟ್ಟಬೇಕಾಯಿತು. ಕೈಪಿಡಿ ಒಬ್ಬರಿಗೆ 45 ಚದರ ಮೀಟರ್ ಜಾಗವಿರಬೇಕು ಎನ್ನುತ್ತದೆ. ಕುತುಪಾಲಂಗ್ ಶಿಬಿರದ ಕೆಲವೆಡೆ 10 ಚದರ ಮೀಟರ್ ಕೂಡಾ ಸಿಗಲಿಲ್ಲ. ಬೆಳಕಿಲ್ಲದ, ಒಳಗಿನಿಂದ ಚಿಲಕವಿಲ್ಲದ ಶೌಚಾಲಯಕ್ಕೆ ಹೆಣ್ಣುಮಕ್ಕಳು ರಾತ್ರಿ ಹೋಗುವುದಿಲ್ಲ. ಇದನ್ನು ತಿಳಿಯಲು ತಜ್ಞರು ಬೇಕಿಲ್ಲ, ಒಬ್ಬ ಮಹಿಳೆಯನ್ನು ಕೇಳಿದರೆ ಸಾಕು.

ಕೇಳುವುದಾದರೂ ಯಾವ ಭಾಷೆಯಲ್ಲಿ? ಸಂಸ್ಥೆಗಳ ಸಭೆಗಳು ಇಂಗ್ಲಿಷಿನಲ್ಲಿ ನಡೆದವು. ಶಿಬಿರದೊಳಗೆ ಕೆಲಸ ಮಾಡಿದ್ದು ಚಟ್ಟಗಾಂವ್ ಕಡೆಯ ಮಾತು ಬಲ್ಲ ಸ್ಥಳೀಯ ತರುಣ ತರುಣಿಯರು. ಆ ಮಾತು ರೋಹಿಂಗ್ಯಾ ಭಾಷೆಗೆ ಹತ್ತಿರ, ಆದರೆ ಎರಡೂ ಒಂದೇ ಅಲ್ಲ. ರೋಗ, ಮೈಮೇಲೆ ನಡೆದ ದೌರ್ಜನ್ಯ, ಮನಸ್ಸಿನ ನೋವು ಇವುಗಳ ಮಾತು ಬಂದಾಗ ಆ ಸಣ್ಣ ವ್ಯತ್ಯಾಸವೇ ಕಂದಕವಾಗುತ್ತದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡಗಳ ನಡುವೆ ಬದುಕುವ ನಮ್ಮ ಕರಾವಳಿಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಿಬಿರದವರ ಪರವಾಗಿ ಮಾತಾಡಲು ಸೇನೆ 'ಮಾಝಿ'ಗಳೆಂಬ ಮುಖಂಡರನ್ನು ನೇಮಿಸಿತು. ಅವರು ಬಹುಮಟ್ಟಿಗೆ ಗಂಡಸರು, ಜನ ಆರಿಸಿದವರಲ್ಲ. 2018ರಲ್ಲಿ ಕೆಲವೆಡೆ ಚುನಾವಣೆ ನಡೆಸಿ, ಅರ್ಧದಷ್ಟು ಮಹಿಳೆಯರಿದ್ದ ಸಮಿತಿಗಳನ್ನು ಮಾಡಿದ ಪ್ರಯೋಗವೂ ಆಯಿತು. ದಾರಿ ಇದೆ ಎಂದು ಅದು ತೋರಿಸಿತು. ಆದರೆ ಅದು ಇಡೀ ಶಿಬಿರದ ನಿಯಮವಾಗಲಿಲ್ಲ.

ಮೂರನೆಯ ತಕರಾರು ಎಲ್ಲಕ್ಕಿಂತ ಗಂಭೀರವಾದದ್ದು. 2018ರ ಜೂನ್‌ನಲ್ಲಿ ಹೈಕಮಿಷನರ್ ಕಚೇರಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಗಳು ವಾಪಸಾತಿಯ ಕುರಿತು ಮ್ಯಾನ್ಮಾರ್ ಜೊತೆ ಒಪ್ಪಂದ ಮಾಡಿಕೊಂಡವು. ಯಾರು ಹಿಂದಿರುಗಬೇಕೋ ಅವರನ್ನು ಕೇಳಲಿಲ್ಲ. ಒಪ್ಪಂದದ ಪ್ರತಿಯನ್ನು ಬಹಿರಂಗಪಡಿಸಲಿಲ್ಲ. ಅದು ಸೋರಿಕೆಯಾದಾಗ ಅದರಲ್ಲಿ 'ರೋಹಿಂಗ್ಯಾ' ಎಂಬ ಪದವೇ ಇರಲಿಲ್ಲ. ಅದೇ ವರ್ಷ ಬಾಂಗ್ಲಾ ಸರಕಾರದ ಜೊತೆ ಸೇರಿ ಹೈಕಮಿಷನರ್ ಕಚೇರಿ ನಿರಾಶ್ರಿತರ ಬೆರಳಚ್ಚು, ಭಾವಚಿತ್ರ ಪಡೆದು ಸ್ಮಾರ್ಟ್ ಕಾರ್ಡ್ ಕೊಡತೊಡಗಿತು. ಆ ಕಾರ್ಡಿನಲ್ಲಿಯೂ ಅವರ ಜನಾಂಗದ ಹೆಸರಿರಲಿಲ್ಲ. ನಮ್ಮ ವಿವರ ಬರ್ಮಾಕ್ಕೆ ಹೋಗುತ್ತದೆಯೇ ಎಂಬ ಅಳುಕಿನಿಂದ ನವೆಂಬರ್‌ನಲ್ಲಿ ನಿರಾಶ್ರಿತರು ಅಂಗಡಿ ಮುಚ್ಚಿ, ಸಂಸ್ಥೆಗಳ ಕೆಲಸಕ್ಕೆ ಹೋಗದೆ ಮುಷ್ಕರ ಹೂಡಿದರು. ಅವರ ಅಳುಕು ಸುಳ್ಳಾಗಿರಲಿಲ್ಲ. ಕನಿಷ್ಠ 8 ಲಕ್ಷ 30 ಸಾವಿರ ಮಂದಿಯ ವಿವರ ಬಾಂಗ್ಲಾ ಸರಕಾರದ ಮೂಲಕ ಮ್ಯಾನ್ಮಾರ್ ಕೈಸೇರಿದೆ ಎಂದು 2021ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಬಯಲುಮಾಡಿತು. ಅದು ಮಾತನಾಡಿಸಿದ ನಿರಾಶ್ರಿತರಲ್ಲಿ ಬಹುತೇಕರಿಗೆ ಈ ಸಂಗತಿ ಗೊತ್ತಿರಲಿಲ್ಲ. ಪಡಿತರಕ್ಕಾಗಿ ನೋಂದಣಿ ಎಂದೇ ಅವರು ತಿಳಿದಿದ್ದರು. ತಾವು ಉದ್ದೇಶ ವಿವರಿಸಿ, ಒಪ್ಪಿಗೆ ಪಡೆದಿದ್ದೆವು ಎಂದು ಹೈಕಮಿಷನರ್ ಕಚೇರಿ ಉತ್ತರಿಸಿತು. ಅಕ್ಕಿಯ ಸಾಲಿನಲ್ಲಿ ನಿಂತವನ ಹೆಬ್ಬೆರಳಿನ ಗುರುತಿಗೆ ಒಪ್ಪಿಗೆ ಎಂಬ ಹೆಸರು ಒಪ್ಪುತ್ತದೆಯೇ? ಯಾವ ಸೇನೆಯಿಂದ ತಪ್ಪಿಸಿಕೊಂಡು ಬಂದರೋ ಆ ಸೇನೆಯ ಆಳ್ವಿಕೆಗೇ ಅವರ ಮುಖ, ಬೆರಳು, ಹೆಸರು ತಲುಪಿದವು.

ಕೇಳದಿದ್ದಾಗಲೂ ಅವರು ಉತ್ತರ ಕೊಟ್ಟರು. 2018ರ ನವೆಂಬರ್ 15ರಂದು ವಾಪಸಾತಿಗೆ ಬಸ್ಸುಗಳು ಸಿದ್ಧವಾಗಿ ನಿಂತವು. ಒಬ್ಬರೂ ಹತ್ತಲಿಲ್ಲ. 2019ರ ಆಗಸ್ಟ್ 22ರಂದು ಮತ್ತೆ ಬಂದವು. ಆಗಲೂ ಯಾರೂ ಹತ್ತಲಿಲ್ಲ. ಪೌರತ್ವ ಕೊಡಿ, ಭದ್ರತೆ ಕೊಡಿ, ನಮ್ಮ ಊರಿಗೇ ಕಳಿಸಿ, ಹೋಗುತ್ತೇವೆ ಎಂಬುದು ಅವರ ಮಾತು. ಈ ಮಾತನ್ನು ಜಗತ್ತಿಗೆ ಮುಟ್ಟಿಸಿದವರಲ್ಲಿ ಶಿಬಿರದ ಶಿಕ್ಷಕ ಮುಹಿಬುಲ್ಲಾ ಪ್ರಮುಖರು. ಸತ್ತವರ ಹೆಸರುಗಳನ್ನು ಮನೆಮನೆಗೆ ಹೋಗಿ ಬರೆದಿಟ್ಟವರು ಅವರು ಮತ್ತು ಅವರ ಸಂಗಡಿಗರು. 2019ರಲ್ಲಿ ಜಿನೀವಾದ ಮಾನವ ಹಕ್ಕು ಮಂಡಳಿಯ ಮುಂದೆಯೂ ಮಾತಾಡಿದರು. 2021ರ ಸೆಪ್ಟೆಂಬರ್ 29ರಂದು ಶಿಬಿರದಲ್ಲೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ತನಗೆ ಜೀವಬೆದರಿಕೆ ಇದೆ ಎಂದು ಅವರು ಮೊದಲೇ ಹೇಳಿದ್ದರು. ಲಕ್ಷಾಂತರ ಜನರ ಬೆರಳಚ್ಚನ್ನು ಭದ್ರವಾಗಿ ಸಂಗ್ರಹಿಸಿದ ವ್ಯವಸ್ಥೆಗೆ ಒಬ್ಬನ ಪ್ರಾಣವನ್ನು ಕಾಯುವುದಾಗಲಿಲ್ಲ.

ಇಲ್ಲಿ ಎದುರು ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಸಭೆ ಕರೆಯುತ್ತಾ ಕೂರಲಾಗದು. ಅಲ್ಲದೆ ಶಿಬಿರದಲ್ಲಿ ಬಂದೂಕು ಹಿಡಿದವರಿದ್ದಾರೆ, ನಾಯಕರೆಂದು ಮುಂದೆ ಬರುವವರೆಲ್ಲ ಜನರ ಪ್ರತಿನಿಧಿಗಳಲ್ಲ. ಗೋಮಾ ಇದನ್ನೇ ತೋರಿಸಿತಲ್ಲವೇ ಎನ್ನಬಹುದು. ನಿಜ. ಆದರೆ ಮೊದಲ ತಿಂಗಳಿಗೆ ಒಪ್ಪುವ ಈ ಮಾತು ಎಂಟನೆಯ ವರ್ಷಕ್ಕೆ ನೆಪವಾಗುತ್ತದೆ. ಗೋಮಾ ಕಲಿಸಿದ್ದು ತಪ್ಪು ಜನರನ್ನು ಕೇಳಬಾರದು ಎಂಬುದನ್ನು. ಯಾರನ್ನೂ ಕೇಳಬಾರದು ಎಂದು ಅದು ಕಲಿಸಲಿಲ್ಲ. ಜನ ಆರಿಸಿದ ದನಿ ಇಲ್ಲದ ಕಡೆ ಬಂದೂಕಿನ ದನಿಯೇ ದೊಡ್ಡದಾಗುತ್ತದೆ.

ಕೇಳದೆ ಉಳಿದವರ ಸಾಲಿನಲ್ಲಿ ಸ್ಥಳೀಯರೂ ಇದ್ದಾರೆ. ಉಖಿಯಾ, ಟೆಕ್ನಾಫ್‌ಗಳಲ್ಲಿ ಮೂಲ ನಿವಾಸಿಗಳಿಗಿಂತ ನಿರಾಶ್ರಿತರೇ ಹೆಚ್ಚಾದರು. ಕಾಡು ಹೋಯಿತು, ಕೂಲಿ ಇಳಿಯಿತು. ಸ್ಥಳೀಯ ಸಂಸ್ಥೆಗಳು ಮೊದಲ ದಿನದಿಂದ ದುಡಿದರೂ ಹಣ ಹರಿದದ್ದು ದೊಡ್ಡ ಸಂಸ್ಥೆಗಳ ಮೂಲಕ. 2016ರಲ್ಲಿ ಇಸ್ತಾಂಬುಲ್ ಸಮಾವೇಶದಲ್ಲಿ ದಾನಿಗಳು ಮತ್ತು ಸಂಸ್ಥೆಗಳು ಒಂದು ಮಾತು ಕೊಟ್ಟಿದ್ದವು: 2020ರೊಳಗೆ ನೆರವಿನ ಹಣದ ಶೇ. 25ರಷ್ಟು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ. ಆ ಗಡುವು ಬಂದಾಗ ಜಗತ್ತಿನಾದ್ಯಂತ ನೇರವಾಗಿ ತಲುಪಿದ್ದು ಶೇ. 5ಕ್ಕಿಂತಲೂ ಕಡಿಮೆ. ಸ್ಥಳೀಯರು ಸಭೆಯಲ್ಲಿ ಸಹಿ ಹಾಕಿದ್ದಾರೆ, ತೀರ್ಮಾನದಲ್ಲಿ ಇಲ್ಲ.

ದೂರದ ದಾನಿಯ ಮರ್ಜಿಯ ಮೇಲೆ ನಿಂತ ವ್ಯವಸ್ಥೆ ಎಷ್ಟು ದುರ್ಬಲ ಎಂಬುದು 2023ರಲ್ಲಿ ಗೊತ್ತಾಯಿತು. ಹಣ ಸಾಲದೆ ವಿಶ್ವ ಆಹಾರ ಕಾರ್ಯಕ್ರಮವು ತಲೆಗೆ ತಿಂಗಳಿಗೆ 12 ಡಾಲರ್ ಇದ್ದ ಪಡಿತರವನ್ನು ಮಾರ್ಚ್‌ನಲ್ಲಿ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಅಂದರೆ ದಿನಕ್ಕೆ 27 ಸೆಂಟ್. 2024ರಲ್ಲಿ ಅದನ್ನು ಮತ್ತೆ ಏರಿಸಲಾಯಿತು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಕಡಿದಾಗ, 6 ಡಾಲರಿಗೆ ಇಳಿಸುವುದಾಗಿ ಮಾರ್ಚ್‌ನಲ್ಲಿ ಪ್ರಕಟಿಸಿ, ಆ ತಿಂಗಳು ಮುಗಿಯುವ ಮೊದಲೇ ಆ ತೀರ್ಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಆದರೆ ಅದೇ ವರ್ಷ ಶಿಬಿರದ ಕಲಿಕಾ ಕೇಂದ್ರಗಳು ಮುಚ್ಚತೊಡಗಿದವು. ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರು ಕೆಲಸ ಕಳೆದುಕೊಂಡರು. ಹೊರಗೆ ದುಡಿಯಲು ನಿರಾಶ್ರಿತರಿಗೆ ಅನುಮತಿಯಿಲ್ಲ. ದುಡಿಯಲು ಬಿಡದೆ, ಪಡಿತರವನ್ನೂ ಕಡಿಮೆ ಮಾಡುವುದಾದರೆ ಅವರು ಬದುಕುವುದು ಹೇಗೆ? 1978ರ ನೆರಳು ಇನ್ನೂ ಆ ಗುಡ್ಡಗಳ ಮೇಲಿಂದ ಸರಿದಿಲ್ಲ.

ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದರೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಸುಮಾರು 3 ಸಾವಿರ ಎಕರೆ ಭೂಮಿ ಕೊಟ್ಟಿತು. ಅವರೇ ಕಾಡು ಕಡಿದು ಹೊಲ ಮಾಡಿದರು, ಸಹಕಾರ ಸಂಘ ಕಟ್ಟಿದರು. ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಕಡೆಗೂ ಅವರ ನೆಲೆಗಳು ಹಬ್ಬಿದವು. ಇಂದು ಸ್ವಸಹಾಯ ಸಂಘಗಳಿಂದ ನಮಗೆ ಪರಿಚಿತವಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಈ ಪುನರ್ವಸತಿ ಕೆಲಸಕ್ಕಾಗಿಯೇ. 'ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ' ಎಂಬುದು ಅದರ ಹೆಸರಿನ ವಿಸ್ತಾರ. ಅಲ್ಲಿಯೂ ಸರಕಾರವಿತ್ತು, ವಿದೇಶಿ ನೆರವಿತ್ತು, ಸಮನ್ವಯವಿತ್ತು. ಆದರೆ ಮೇಜಿನ ಒಂದು ಬದಿಯಲ್ಲಿ ಟಿಬೆಟನ್ನರದೇ ಆಡಳಿತ ಕೂತಿತ್ತು. ಅವರ ಹೆಸರನ್ನು ಯಾರೂ ಅಳಿಸಲಿಲ್ಲ, ಅವರ ಶಾಲೆಯನ್ನು ಯಾರೂ ಮುಚ್ಚಿಸಲಿಲ್ಲ. ಅವರ ಸಂಖ್ಯೆ ಕಡಿಮೆಯಿತ್ತು, ಭೂಮಿ ಲಭ್ಯವಿತ್ತು, ರಾಜಕೀಯ ಅನುಕೂಲವಾಗಿತ್ತು ಎಂಬುದೂ ಸತ್ಯವೇ. ಜನದಟ್ಟಣೆಯ ಬಡ ಬಾಂಗ್ಲಾದೇಶವನ್ನು ಅದರೊಂದಿಗೆ ತೂಗುವುದು ನ್ಯಾಯವಲ್ಲ. ಆದರೆ ನಿರಾಶ್ರಿತರಿಗೆ ಕುರ್ಚಿ ಹಾಕಿದರೆ ಸಭೆ ಕೆಡುವುದಿಲ್ಲ ಎಂಬುದಕ್ಕೆ ಇದಿಷ್ಟು ಸಾಕ್ಷಿ ಸಾಕು.

ಕೊನೆಯದಾಗಿ ನಮ್ಮತ್ತಲೇ ಒಮ್ಮೆ ತಿರುಗಿ ನೋಡಿಕೊಳ್ಳಬೇಕು. ಜಗತ್ತಿನ ಮುಸ್ಲಿಮರ ಝಕಾತ್ ಹಣ ಈಗ ನಿರಾಶ್ರಿತರ ನೆರವಿನ ದೊಡ್ಡ ಸೆಲೆಗಳಲ್ಲೊಂದು. ಹೈಕಮಿಷನರ್ ಕಚೇರಿಯೇ 2019ರಲ್ಲಿ ನಿರಾಶ್ರಿತರ ಝಕಾತ್ ನಿಧಿಯನ್ನು ಆರಂಭಿಸಿತು. ಅದರ ಪಾಲು ಬಾಂಗ್ಲಾದ ಶಿಬಿರಗಳಿಗೂ ಹೋಗಿದೆ. ಝಕಾತ್ ವಿಷಯದಲ್ಲಿ ಹನಫಿ ವಿದ್ವಾಂಸರು ಒತ್ತಿ ಹೇಳುವ ಒಂದು ಷರತ್ತಿದೆ: ತಮ್ಲೀಕ್. ಕೊಟ್ಟದ್ದಕ್ಕೆ ಪಡೆದವನನ್ನು ಒಡೆಯನನ್ನಾಗಿ ಮಾಡಬೇಕು. ಅದನ್ನು ಹೇಗೆ ಖರ್ಚು ಮಾಡಬೇಕೆಂಬ ಹಕ್ಕು ಅವನದು. ಈ ಒಂದು ಮಾತಿನಲ್ಲಿ ಎಷ್ಟು ಮರ್ಯಾದೆ ಅಡಗಿದೆ! ಕೊಟ್ಟ ಬೇಳೆಯನ್ನು ಸಂತೆಯಲ್ಲಿ ಮಾರಿ ಮೀನು ಕೊಂಡ ನಿರಾಶ್ರಿತನನ್ನು ಕೃತಘ್ನ ಎನ್ನುವವರು ಇದನ್ನು ನೆನಪಿಡಬೇಕು. ಅವನಿಗೆ ಬೇಕಾದದ್ದು ಮೀನು ಎಂದು ನಾವು ಕೇಳಿರಲಿಲ್ಲ, ಅಷ್ಟೆ.

ರಮಝಾನಿನಲ್ಲಿ ಪೈಪೋಟಿಗೆ ಬಿದ್ದು ಚಂದಾ ಎತ್ತುವ, ಪಡೆಯುವವರ ಮುಖವನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವ ಚಾಳಿ ನಮ್ಮಲ್ಲೂ ಇದೆ. ಉಖಿಯಾದ ರಸ್ತೆಯಲ್ಲಿ ಲಾರಿಯಿಂದ ಬಟ್ಟೆ ಎಸೆದವರೂ ಒಳ್ಳೆಯ ಮನಸ್ಸಿನವರೇ ಆಗಿದ್ದರು. ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ ಕಸ ಆಯ್ದು ಬದುಕುವ ರೋಹಿಂಗ್ಯಾ ಕುಟುಂಬಗಳಿಗೆ ಅಕ್ಕಿ ಕೊಡಲು ಹೋಗುವ ನಾವು, ನಿಮಗೆ ಏನು ಬೇಕು ಎಂದು ಕೂತು ಕೇಳಿದ್ದು ಎಷ್ಟು ಸಲ? ದೊಡ್ಡ ಸಂಸ್ಥೆಗಳಿಗೆ ನಾವು ಕೇಳುವ ಪ್ರಶ್ನೆ ನಮ್ಮ ಮಸೀದಿ ಸಮಿತಿಗಳಿಗೂ, ಯುವಕ ಸಂಘಗಳಿಗೂ ಅನ್ವಯಿಸುತ್ತದೆ.

ಮುಂದಿನ ಸಲ ಯಾವ ಸಂಸ್ಥೆ ನಮ್ಮ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಬಂದರೂ ಕೊಡೋಣ, ಕೈ ಬಿಗಿಹಿಡಿಯುವುದು ಬೇಡ. ಜೊತೆಗೆ ಒಂದು ಮಾತು ಕೇಳೋಣ: ಇದನ್ನು ಹೀಗೆ ಹಂಚಬೇಕೆಂದು ತೀರ್ಮಾನಿಸಿದ ಸಭೆಯಲ್ಲಿ ಅವರಿದ್ದರೇ?